ಮೂರನೆಯ ಓಣಿಯ ಹತ್ತು ದಾರಿ

ನಮ್ಮೂರಿನ ಮೂರು ಗಂಟೆಗಳಿಗೂ ಹಗ್ಗವಿಲ್ಲ. ಒಂದು ಗುಡ್ಡದ ನೆತ್ತಿಯಲ್ಲಿದೆ, ಒಂದು ಕೆರೆಯ ಏರಿಯ ಮೇಲಿದೆ, ಇನ್ನೊಂದು ಸಂತೆಮಾಳದ ಕಲ್ಲುಕಂಬದಲ್ಲಿ ತೂಗುತ್ತಿದೆ. ಬೆಳಗಿನಲ್ಲಿ ಮೊದಲ ಹಕ್ಕಿ ಕೂಗುವುದಕ್ಕೂ ಎರಡನೆಯದು ಉತ್ತರ ಕೊಡುವುದಕ್ಕೂ ನಡುವೆ ಅವು ತಾವಾಗಿಯೇ ಮೊಳಗುತ್ತವೆ. ಮೊದಲು ಗುಡ್ಡದ್ದು, ಆಮೇಲೆ ಕೆರೆಯದು, ಕೊನೆಗೆ ಸಂತೆಯದು. ಗುಡ್ಡದ ಗಂಟೆಯದು ಗಂಭೀರ ದನಿ, ಕೆರೆಯದು ನೀರಲ್ಲಿ ಅದ್ದಿ ತೆಗೆದಂಥ ದನಿ, ಸಂತೆಯದು ಸ್ವಲ್ಪ ಒಡಕು. ಒಂದೊಂದೂ ಹೆಚ್ಚೆಂದರೆ ಒಂಬತ್ತು ಏಟು ಹೊಡೆಯುತ್ತದೆ. ಕೆಲವು ದಿನ ತನ್ನ ಸರದಿ ಬಂದಾಗ ಒಂದೂ ಹೊಡೆಯದೆ ಸುಮ್ಮನಿರುವುದೂ ಉಂಟು. ಮೂರೂ ಗಂಟೆಗಳ ಏಟು ಕೂಡಿಸಿದರೆ ಎಷ್ಟಾಗುತ್ತದೋ ಅಷ್ಟನೆಯ ಓಣಿಯ ಗೋಡೆಗಳು ಆ ದಿನ ಮಾತಾಡುತ್ತವೆ.

ಸೊನ್ನೆಯ ಓಣಿಯಿಂದ ಇಪ್ಪತ್ತೇಳನೆಯ ಓಣಿಯವರೆಗೆ ಒಟ್ಟು ಇಪ್ಪತ್ತೆಂಟು ಓಣಿ. ಬಿಸಿಲು ಗೋಡೆ ಮುಟ್ಟಿದ ಕೂಡಲೇ ಮಾತು ಶುರುವಾದರೆ, ನೆರಳು ಕಾಲಡಿಗೆ ಬರುವವರೆಗೆ ನಡೆಯುತ್ತದೆ. ಎಂದೋ ಆ ಓಣಿಯಲ್ಲಿ ಆಡಿದ ಮಾತು, ಹಾಡಿದ ಹಾಡು, ಜಗಳ, ಕೆಮ್ಮು, ಎಲ್ಲ ಗೋಡೆಯೊಳಗೆ ಇಂಗಿರುತ್ತದೆ. ಅದರಲ್ಲಿ ಯಾವುದು ಹೊರಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಹಳೆಯ ಗೋಡೆಗೆ ಹೊಸ ಗಾರೆ ಬಳಿಯುವುದಿಲ್ಲ. ತೀರಿಕೊಂಡ ತಾಯಿ ಒಂದು ದಿನ ಗೋಡೆಯಿಂದ “ಊಟ ಆಯ್ತೇನೋ ಮಗ” ಅಂದಾಳು ಎಂದು ಮನೆಮಂದಿಯೆಲ್ಲ ಜಗಲಿಯ ಮೇಲೆ ಕಾದು ಕೂರುತ್ತಾರೆ. ಒಮ್ಮೊಮ್ಮೆ ತಾಯಿ ಬರುವುದಿಲ್ಲ, ಮೂವತ್ತು ವರ್ಷದ ಹಿಂದೆ ಸೌತೆಕಾಯಿ ಮಾರುತ್ತಿದ್ದವನ ಚೌಕಾಸಿ ಬರುತ್ತದೆ. ಅದನ್ನೂ ಕೇಳುತ್ತಾರೆ.

ಗಂಟೆ ಎಣಿಸಿ ಊರಿಗೆ ಕೂಗಿ ಹೇಳುವುದು ನಮ್ಮ ಮನೆತನದ ಕೆಲಸ. ಅಪ್ಪ ಇರುವವರೆಗೆ ಅಪ್ಪ, ಈಗ ನಾನು. ನನ್ನ ಹೆಸರು ಭಾಗೀರಥಿ. ಊರು ಕರೆಯುವುದು ಎಣಿಕೆ ಭಾಗಮ್ಮ ಎಂದು. ಮಂಟಪದ ಕಟ್ಟೆಯ ಮೇಲೆ ನಿಂತು ಕೇಳಿ, “ಇವತ್ತು ಹನ್ನೊಂದು!” ಎಂದು ಬೀದಿಬೀದಿಯಲ್ಲಿ ಕೂಗಿ ಬರುತ್ತೇನೆ. ಊರಿಗೆ ಬೇಕಾದದ್ದು ಮೊತ್ತ ಮಾತ್ರ. ಯಾವ ಗಂಟೆ ಎಷ್ಟು ಹೊಡೆಯಿತು, ಯಾವುದು ಸುಮ್ಮನಿತ್ತು ಎಂದು ಕೇಳಿದವರಿಲ್ಲ. ಆದರೆ ನನಗೆ ಕಿವಿಯಲ್ಲಿ ಅದು ಮೂರು ಗಣದ ಒಂದು ಸಾಲಿನ ಹಾಗೆ ಉಳಿಯುತ್ತದೆ. ಅಪ್ಪ ಸಂಜೆಹೊತ್ತು ಮಂಟಪದಲ್ಲಿ ಕಾವ್ಯ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ, ಅರ್ಥವಾಗದ ವಯಸ್ಸಿನಿಂದ. ಅರ್ಥಕ್ಕಿಂತ ಮೊದಲು ನಡಿಗೆ ಬಂತು. ಇಂದಿಗೂ ನಾನು ಹೆಚ್ಚು ಮಾತಾಡುವವಳಲ್ಲ, ಕೇಳುವವಳು.

ಮಂಟಪದ ಹಿಂದಿನ ಗೋಡೆಯ ಮೇಲೆ ಗೆರೆ ಎಳೆದು ಇಪ್ಪತ್ತೆಂಟು ಮನೆ ಮಾಡಿದೆ. ಯಾವ ಓಣಿ ಮಾತಾಡಿತೋ ಆ ಮನೆಯಲ್ಲಿ ಕೆಮ್ಮಣ್ಣಿನಿಂದ ಒಂದು ಸಣ್ಣ ಗೀಟು. ತಾತನ ಕಾಲದಿಂದ ಗೀಟಿನ ಮೇಲೆ ಗೀಟು ಏರಿ ಏರಿ, ಈಗ ಗೋಡೆಯ ತುಂಬ ಒಂದು ಗುಡ್ಡ ಎದ್ದಿದೆ. ಎರಡು ತುದಿಗಳಲ್ಲಿ ನೆಲಕ್ಕಂಟಿಕೊಂಡು, ಹದಿಮೂರು ಹದಿನಾಲ್ಕನೆಯ ಮನೆಗಳಲ್ಲಿ ಸೂರಿನವರೆಗೆ. ಊರಿನವರು ಅದನ್ನು ಪುಣ್ಯದ ಗುಡ್ಡ ಎನ್ನುತ್ತಾರೆ. ನಡುವಿನ ಓಣಿಯವರು ಪುಣ್ಯವಂತರು, ಅವರ ಹಿರಿಯರು ಹದಿನೈದು ದಿನಕ್ಕೊಮ್ಮೆ ಬಂದು ಮಾತಾಡಿಸುತ್ತಾರೆ. ಅಂಚಿನವರ ಪಾಪ ಹೆಚ್ಚು, ಅವರ ಹಿರಿಯರು ಮುಖ ತಿರುಗಿಸಿದ್ದಾರೆ. ನನ್ನ ಮನೆ ಹದಿಮೂರನೆಯ ಓಣಿಯಲ್ಲಿ. ತಿಂಗಳಿಗೆರಡು ಸಲ ಬೆಳಗಿನ ಬಿಸಿಲಿಗೆ ಗೋಡೆ ಬೆಚ್ಚಗಾಗಿ ಎಷ್ಟೋ ಸಲ ಅಪ್ಪನ ದನಿ ಬರುತ್ತಿತ್ತು. ನಾನು ದೀಪ ಹಚ್ಚಿಟ್ಟು, ಕೈಮುಗಿದು, ಗೋಡೆಯ ಮುಂದೆ ಕೂರುತ್ತಿದ್ದೆ. ನನ್ನ ಪೂಜೆಗೆ ಸಿಕ್ಕ ಪ್ರಸಾದ ಅದು ಎಂದೇ ತಿಳಿದಿದ್ದೆ.

ಊರಿಗೆ ಒಂದು ಕಟ್ಟಳೆಯಿತ್ತು. ಓಣಿ ಇಪ್ಪತ್ತೆಂಟು, ಆದ್ದರಿಂದ ಇಪ್ಪತ್ತೆಂಟು ದಿನಕ್ಕೆ ಒಂದು ಸುತ್ತು. ಸುತ್ತಿಗೊಮ್ಮೆ ಪ್ರತಿ ಓಣಿಯೂ ಬಾಯಿ ಬಿಡುವುದು ನ್ಯಾಯ. ಏಳು ಸುತ್ತು ಮೂಗಾಗಿದ್ದರೆ ಓಣಿಯಲ್ಲಿ ಸಲ್ಲದ್ದೇನೋ ಸೇರಿದೆ. ಎಂಟನೆಯ ಸುತ್ತಿನ ಕೊನೆಯೊಳಗೆ ಅದನ್ನು ಹುಡುಕಿ ಹೊಳೆಯಾಚೆ ಕಳಿಸಬೇಕು. ಹೀಗೆ ಕಳಿಸಿ ಕಳಿಸಿಯೇ ಸೊನ್ನೆ, ಒಂದು, ಎರಡನೆಯ ಓಣಿಗಳೂ ಆ ತುದಿಯಲ್ಲಿ ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳೂ ಬರಿದಾದವು. ಇಪ್ಪತ್ತೇಳನೆಯ ಓಣಿಯಲ್ಲಿ ಈಗ ಎಕ್ಕದ ಗಿಡಗಳಿವೆ. ಮೂರನೆಯ ಓಣಿ ಹೇಗೋ ಉಳಿದಿತ್ತು. ಗಡುವು ಮುಗಿಯುವಷ್ಟರಲ್ಲಿ ಪ್ರತಿ ಸಲವೂ ಅದು ಏನಾದರೊಂದು ಗೊಣಗಿ ಪಾರಾಗುತ್ತಿತ್ತು.

ಆ ಓಣಿಯ ಲಕ್ಕಣ್ಣ, ಸುಣ್ಣದ ಗೂಡಿನಲ್ಲಿ ಕೆಲಸ ಮಾಡುವವನು, ಹೊಳೆಯಾಚೆಯಿಂದ ಚೆನ್ನಿ ಎಂಬ ಹುಡುಗಿಯನ್ನು ಮದುವೆಯಾಗಿ ತಂದ. ಚೆನ್ನಿಗೆ ಕಿವಿ ಚುರುಕು, ಮಾತು ಮಾತ್ರ ಹುಟ್ಟಿನಿಂದ ಇಲ್ಲ. ಅವಳು ಬಂದ ಮೂರನೆಯ ದಿನ ಓಣಿ ಮಾತಾಡಿತು. ಆಮೇಲೆ ಇಲ್ಲ. ಒಂದು ಸುತ್ತು, ಮೂರು ಸುತ್ತು, ಏಳು ಸುತ್ತು. ಎದುರು ಮನೆಯ ಸಣ್ಣಕ್ಕ ನೀರಿಗೆ ಹೋದಲ್ಲೆಲ್ಲ ಹಾಡಿದಳು: “ಮೂಗಿ ಬಂದ್ಲು, ಓಣಿ ಮೂಗಾಯ್ತು.” ಹೇಳಲು ಸುಲಭವಾದ ಮಾತು. ಊರು ಅದನ್ನು ನಂಬಲು ಹೆಚ್ಚು ದಿನ ಹಿಡಿಯಲಿಲ್ಲ.

ಎಂಟನೆಯ ಸುತ್ತು ಶುರುವಾದ ಮಧ್ಯಾಹ್ನ ಲಕ್ಕಣ್ಣನ ತಾಯಿ ನಂಜವ್ವ ಸೊಸೆಯ ಕೈ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ಕೂತು ಸುಧಾರಿಸಿಕೊಂಡು, “ಭಾಗಮ್ಮ, ನಿಂಗೆ ಗಂಟೆ ಮಾತು ತಿಳೀತದಂತೆ. ಒಂದ್ಸಲ ಮೂರು ಹೊಡೀರಿ ಅಂತ ಹೇಳವ್ವ ಅವಕ್ಕೆ” ಅಂದಳು.

“ನಾನು ಹೇಳಿದ್ದನ್ನ ಅವು ಕೇಳಲ್ಲ ನಂಜವ್ವ. ಅವು ಹೇಳಿದ್ದನ್ನ ನಾನು ಕೇಳ್ತೀನಿ, ಅಷ್ಟೆ.”

“ಹಂಗಾರೆ ಒಂದು ಸುಳ್ಳು ಹೇಳು. ನಾಳೆ ಹೊತ್ತಾರೆ ‘ಮೂರು’ ಅಂತ ಕೂಗ್ಬಿಡು. ಆ ಹೊತ್ನಲ್ಲಿ ಯಾರ್ ಎದ್ದಿರ್ತಾರೆ?”

“ನಾನು ಸುಳ್ಳು ಹೇಳಬಹುದು. ಗೋಡೆ ಹೇಳಬೇಕಲ್ಲ?”

ನಂಜವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಈ ಹುಡುಗಿ ಬಂದ್ಮೇಲೆ ನಾನು ಒಲೆ ಮುಂದೆ ಕೂತಿಲ್ಲ ಕಣವ್ವ. ಮಾತಿಲ್ದಿದ್ರೇನು? ಅವಳ ಪಾಲಿಂದೂ ಸೇರ್ಸಿ ನಾನೇ ಆಡ್ತೀನಿ. ಅತ್ತೆ-ಸೊಸೆ ಜಗಳಾನೂ ನಾನೊಬ್ಳೇ ಆಡಿ, ನಾನೇ ಸೋಲ್ತೀನಿ. ಇವಳ್ನ ಹೊಳೆ ದಾಟ್ಸಿದ್ರೆ ನನ್ ಮಗ ಹಿಂದೆ ಹೋಗ್ತಾನೆ. ನಾನ್ ಯಾರ್ ಜೊತೆ ಜಗಳ ಆಡ್ಲಿ?”

ನಾವು ಮಾತಾಡುತ್ತಿದ್ದಾಗ ಚೆನ್ನಿ ಮಡಿಲಿನಿಂದ ಹುಣಸೆ ಬೀಜ ತೆಗೆದು ಜಗಲಿಯ ಕಲ್ಲಿನ ಮೇಲೆ ಒಂದೊಂದಾಗಿ ಕುಟ್ಟಿ ಇಡುತ್ತಿದ್ದಳು. ಟಕ್ ಟಕ್ ಟಕ್ ಟಕ್, ನಾಲ್ಕು. ಆಮೇಲೆ ಅಂಗೈ ಬಿಚ್ಚಿ ಬರಿಗೈ ತೋರಿಸಿದಳು. ಆಮೇಲೆ ಏಳು. ನನ್ನ ಮುಖ ನೋಡಿದಳು. ಅಂದು ಬೆಳಗ್ಗೆ ಗುಡ್ಡದ ಗಂಟೆ ನಾಲ್ಕು ಹೊಡೆದಿತ್ತು, ಕೆರೆಯದು ಸುಮ್ಮನಿತ್ತು, ಸಂತೆಯದು ಏಳು. ನಾನು ಊರಿಗೆ ಕೂಗಿ ಹೇಳಿದ್ದು ಹನ್ನೊಂದು ಎಂದಷ್ಟೆ. ಸುಮ್ಮನಿದ್ದ ಗಂಟೆಯನ್ನು ಕೇಳಿಸಿಕೊಂಡವರು ಈ ಊರಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ.

“ದಿನಾ ಕೇಳ್ತೀಯಾ?” ಅಂದೆ. ಚೆನ್ನಿ ತಲೆಯಾಡಿಸಿದಳು.

ಅವಳಿಗೆ ಸಮಾಧಾನವಾಗಲಿ ಎಂದು, “ಮೂರು ಹೇಗೆ ಹೇಗೆ ಬರಬಹುದು ನೋಡೋಣ ಬಾ” ಎಂದು ಬೀಜ ಎಳೆದುಕೊಂಡೆ. ಊರವರ ಹಾಗೆಯೇ, ಯಾವ ಗಂಟೆ ಎಷ್ಟೆಂದು ನೋಡದೆ ಇಟ್ಟೆ. ಮೂರು-ಸೊನ್ನೆ-ಸೊನ್ನೆ. ಎರಡು-ಒಂದು-ಸೊನ್ನೆ. ಒಂದು-ಒಂದು-ಒಂದು. “ಮೂರೇ ದಾರಿ” ಅಂದೆ. ಚೆನ್ನಿ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಒಮ್ಮೆ ಕುಟ್ಟಿದಳು, ಆಮೇಲೆ ಎರಡು ಸಲ, ಆಮೇಲೆ ಅಂಗೈ ಬಿಚ್ಚಿದಳು. ಸ್ವಲ್ಪ ತಡೆದು, ಎರಡು ಸಲ ಕುಟ್ಟಿದಳು, ಆಮೇಲೆ ಒಮ್ಮೆ, ಆಮೇಲೆ ಅಂಗೈ. ಇವೆರಡೂ ಒಂದೇನಾ ಎಂಬಂತೆ ಹುಬ್ಬೇರಿಸಿದಳು.

ನಾನು ನಾಚಿದೆ. ಚಿಕ್ಕವಳಿದ್ದಾಗ ಅಪ್ಪ ನನ್ನಿಂದ ಮರಳಿನ ಮೇಲೆ ಪ್ರಸ್ತಾರ ಹಾಕಿಸುತ್ತಿದ್ದರು. ಮೂರಕ್ಷರದಲ್ಲಿ ಲಘು ಗುರುಗಳು ಎಷ್ಟು ಬಗೆಯಲ್ಲಿ ಬರುತ್ತವೋ ಅಷ್ಟನ್ನೂ ಬರೆಯಬೇಕು. ಒಂದನ್ನು ಬಿಡಬಾರದು, ಒಂದನ್ನು ಎರಡು ಸಲ ಬರೆಯಬಾರದು. ಲಘು ಮುಂದಾಗಿ ಗುರು ಹಿಂದಾದರೂ, ಗುರು ಮುಂದಾಗಿ ಲಘು ಹಿಂದಾದರೂ ಅಕ್ಷರ ಅವೇ, ನಡಿಗೆ ಬೇರೆ. ನಡಿಗೆ ಬೇರೆಯಾದರೆ ಸಾಲೇ ಬೇರೆ. “ಮೊದಲನೆಯದನ್ನು ಹಿಡಿದುಕೋ, ಉಳಿದದ್ದನ್ನು ನಡೆಯಲು ಬಿಡು” ಎನ್ನುತ್ತಿದ್ದರು. ಅಷ್ಟು ಕಲಿತವಳು, ನಲವತ್ತು ವರ್ಷ ಗಂಟೆ ಕೇಳಿದವಳು, ಇದನ್ನು ಗಂಟೆಗಳಿಗೆ ಹಾಕಿ ನೋಡಿರಲಿಲ್ಲ.

ಹಿಡಿದುಕೊಂಡೆವು. ಗುಡ್ಡದ ಗಂಟೆ ಸುಮ್ಮನಿದ್ದರೆ ಉಳಿದೆರಡು ಗಂಟೆಗಳು ಮೂರನ್ನು ಹಂಚಿಕೊಳ್ಳಬೇಕು: ಸೊನ್ನೆ ಮೂರು, ಒಂದು ಎರಡು, ಎರಡು ಒಂದು, ಮೂರು ಸೊನ್ನೆ. ನಾಲ್ಕು ದಾರಿ. ಗುಡ್ಡದ್ದು ಒಂದು ಹೊಡೆದರೆ ಉಳಿದ ಎರಡಕ್ಕೆ ಮೂರು ದಾರಿ. ಅದು ಎರಡು ಹೊಡೆದರೆ ಎರಡು ದಾರಿ. ಮೂರನ್ನೂ ಅದೇ ಹೊಡೆದರೆ ಒಂದೇ. ನಾಲ್ಕು, ಮೂರು, ಎರಡು, ಒಂದು. ಹತ್ತು. ಒಂದೊಂದು ಗಂಟೆಗೂ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಬಗೆ. ಮೂರು ಗಂಟೆ ಸೇರಿದರೆ ಸಾವಿರ ಬಗೆಯ ಬೆಳಗು. ಆ ಸಾವಿರದಲ್ಲಿ ಮೂರನೆಯ ಓಣಿಗೆ ಬರುವುದು ಹತ್ತು. ನೂರು ದಿನಕ್ಕೊಂದು, ಅದೂ ಸರಾಸರಿ.

“ನೂರು ದಿನಕ್ಕಾ?” ಅಂದಳು ನಂಜವ್ವ. “ಮತ್ತೆ ಇಪ್ಪತ್ತೆಂಟು ದಿನಕ್ಕೆ ಅಂತ ಬಡ್ಕೋತಾರಲ್ಲ?”

“ಹದಿಮೂರನೇ ಓಣಿ ಕಥೆ ಏನು ಅಂತ ನೋಡಬೇಕು, ತಡಿ.”

ಅಂದಿನಿಂದ ದಿನಾ ಮಧ್ಯಾಹ್ನ ಅವರಿಬ್ಬರೂ ಬಂದರು. ನಂಜವ್ವ ಕಂಬಕ್ಕೊರಗಿ ತೂಕಡಿಸುತ್ತಿದ್ದಳು. ನಾವಿಬ್ಬರೂ ಬೀಜ ಇಡುತ್ತಿದ್ದೆವು. ಒಂದೊಂದು ದಾರಿಗೆ ಒಂದೊಂದು ಬೀಜ. ಸೊನ್ನೆಗೆ ಒಂದು, ಒಂದಕ್ಕೆ ಮೂರು, ಎರಡಕ್ಕೆ ಆರು, ಮೂರಕ್ಕೆ ಹತ್ತು, ನಾಲ್ಕಕ್ಕೆ ಹದಿನೈದು, ಐದಕ್ಕೆ ಇಪ್ಪತ್ತೊಂದು. ಏರಿಕೆಯಲ್ಲಿ ಒಂದು ಲಯವಿತ್ತು, ಮುಂದಿನದು ಕೇಳುವ ಮೊದಲೇ ಬಾಯಿಗೆ ಬರುತ್ತಿತ್ತು. ಒಂಬತ್ತಕ್ಕೆ ಐವತ್ತೈದು. ಹತ್ತಕ್ಕೆ ಅರವತ್ತಾರು ಎಂದು ಲಯದ ಜೋರಿನಲ್ಲೇ ಎಣಿಸದೆ ಇಟ್ಟುಬಿಟ್ಟೆ. ಮಧ್ಯಾಹ್ನದ ಬಿಸಿಲು, ಪದ್ಯದ ಗುಂಗು. ನನಗೂ ಅರ್ಧ ನಿದ್ದೆ. ಚೆನ್ನಿ ನನ್ನ ಕೈ ಹಿಡಿದಳು. ಎರಡೂ ಕೈಯ ಹತ್ತು ಬೆರಳು ಎತ್ತಿ, ಗುಡ್ಡದ ಕಡೆ ತೋರಿಸಿ, ಇಲ್ಲ ಎಂದಳು. ಕೆರೆಯ ಕಡೆ, ಇಲ್ಲ. ಸಂತೆಯ ಕಡೆ, ಇಲ್ಲ. ಯಾವ ಗಂಟೆಯೂ ಹತ್ತು ಹೊಡೆಯುವುದಿಲ್ಲ! ಒಂದೇ ಗಂಟೆ ಹತ್ತನ್ನೂ ಹೊಡೆಯುವ ಮೂರು ದಾರಿಗಳನ್ನು ನಾನು ಸೇರಿಸಿದ್ದೆ. ಅವಳು ಮೂರು ಬೀಜ ತೆಗೆದು ಮಡಿಲಿಗೆ ಹಾಕಿಕೊಂಡಳು. ಅರವತ್ತಮೂರು.

ಅಲ್ಲಿಂದ ಏರಿಕೆ ಮೆಲ್ಲಗಾಯಿತು. ಹನ್ನೊಂದಕ್ಕೆ ಅರವತ್ತೊಂಬತ್ತು, ಹನ್ನೆರಡಕ್ಕೆ ಎಪ್ಪತ್ತಮೂರು, ಹದಿಮೂರಕ್ಕೆ ಎಪ್ಪತ್ತೈದು, ಹದಿನಾಲ್ಕಕ್ಕೂ ಎಪ್ಪತ್ತೈದು. ಆಮೇಲೆ ಬಂದ ದಾರಿಯಲ್ಲೇ ಇಳಿತ. ಇಪ್ಪತ್ತೇಳಕ್ಕೆ ಒಂದು, ಮೂರೂ ಗಂಟೆ ಒಂಬತ್ತು ಹೊಡೆದ ಬೆಳಗು. ಇಪ್ಪತ್ತೆಂಟು ಸಾಲು ಮುಗಿಯಿತು. ಸಾವಿರ ಬೀಜ ಎಣಿಸಿ ತಂದಿದ್ದೆವು. ಬೀಜದ ಚೀಲ ಬರಿದಾಗಿತ್ತು. ಒಂದು ಹೆಚ್ಚಲಿಲ್ಲ, ಒಂದು ಸಾಲದೆ ಬರಲಿಲ್ಲ.

ಜಗಲಿಯ ಮೇಲೆ ಬೀಜದ ಸಾಲುಗಳನ್ನು ದೂರದಿಂದ ನೋಡಿದೆ. ಮಂಟಪದ ಗೋಡೆಯ ಪುಣ್ಯದ ಗುಡ್ಡ ಅಲ್ಲಿ ಮಲಗಿತ್ತು. ಅದೇ ಏರು, ಅದೇ ನೆತ್ತಿ, ಅದೇ ಇಳಿಜಾರು. ಈ ಗುಡ್ಡದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಪಾಪ ಮಾಡಿದವರಿಲ್ಲ, ಪೂಜೆ ಮಾಡಿದವರಿಲ್ಲ. ಹುಣಸೆ ಬೀಜ ಮಾತ್ರ.

ಚೆನ್ನಿ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಇದು ನಿಜವಾದರೆ ಅಪ್ಪ ನನ್ನ ಭಕ್ತಿಗೆ ಒಲಿದು ಬರುತ್ತಿದ್ದವರಲ್ಲ. ಸಾವಿರದಲ್ಲಿ ಎಪ್ಪತ್ತೈದು ಬೆಳಗು ನಮ್ಮ ಓಣಿಗೆ ಬಿದ್ದಿದೆ, ಅಷ್ಟೆ. ಹಚ್ಚಿದ ದೀಪಗಳೆಲ್ಲ ನೆನಪಾದವು. ಇದನ್ನು ಊರ ಮುಂದೆ ಹೇಳಬೇಕೋ ಬೇಡವೋ ಎಂದು ಮೂರು ದಿನ ಕೊರಗಿದೆ. ಹೇಳದಿದ್ದರೆ ಗಡುವು ಹೇಗೂ ಮುಗಿಯುತ್ತದೆ. ಚೆನ್ನಿ ಹೊಳೆ ದಾಟುತ್ತಾಳೆ. ನನ್ನ ಗೋಡೆ ನನ್ನ ಪ್ರಸಾದವಾಗಿಯೇ ಉಳಿಯುತ್ತದೆ. ದೇವರ ಮುಂದೆ ಕೂತರೆ ಮಂತ್ರದ ಬದಲು ನಾಲ್ಕು, ಮೂರು, ಎರಡು, ಒಂದು ಎಂದೇ ಬಾಯಿಗೆ ಬರುತ್ತಿತ್ತು.

ನಾಲ್ಕನೆಯ ಬೆಳಗು ಗಂಟೆ ಆರು, ಎರಡು, ಐದು ಹೊಡೆಯಿತು. ಹದಿಮೂರು. ಕೂಗಿ ಮನೆಗೆ ಬಂದೆ. ದೀಪ ಹಚ್ಚಲಿಲ್ಲ, ಕೈ ಏಳಲಿಲ್ಲ. ಬಿಸಿಲು ಗೋಡೆ ಮುಟ್ಟಿತು. ನೆರೆಮನೆಯ ಹಳೆಯ ಜಗಳ ಬಂತು, ಯಾರದೋ ಲಾಲಿ ಬಂತು, ಆಮೇಲೆ ಅಪ್ಪ. ಕಾವ್ಯ ಓದುತ್ತಿರಲಿಲ್ಲ, ಗದರುತ್ತಿದ್ದರು. ಗದರಿಸಿಕೊಳ್ಳುತ್ತಿದ್ದವಳು ಏಳು ವರ್ಷದ ನಾನು.

“ಏಳೇ ಬರೆದಿದ್ದೀ. ಒಂದು ಬಿಟ್ಟೆ.”

“ಒಂದೇ ತಾನೆ ಅಪ್ಪ?”

“ಒಂದೇ ತಾನೆ ಅಂತೆ! ಬಿಟ್ಟದ್ದು ಎಲ್ಲಿಗೆ ಹೋಗಬೇಕು? ಅದಕ್ಕೂ ಒಂದು ಮನೆ ಬೇಡವೇನೆ?”

ಗೋಡೆ ಆ ಮಾತಿಗೇ ನಿಂತು ಸೌತೆಕಾಯಿಯವನಿಗೆ ಹೊರಳಿತು. ನಾನು ಎದ್ದು ದೀಪ ಹಚ್ಚಿದೆ. ಯಾವ ಫಲಕ್ಕೂ ಅಲ್ಲ, ಸುಮ್ಮನೆ ಹಚ್ಚಬೇಕೆನ್ನಿಸಿತು.

ಎಂಟನೆಯ ಸುತ್ತಿನ ಕೊನೆಯ ದಿನ ಮಧ್ಯಾಹ್ನ ಊರು ಮಂಟಪದಲ್ಲಿ ಸೇರಿತು. ಅದಕ್ಕೂ ಮೊದಲೇ ನಾನೂ ಚೆನ್ನಿಯೂ ಹೋಗಿ, ಗೋಡೆಯ ಗುಡ್ಡದ ಬುಡದಲ್ಲೇ ಇಪ್ಪತ್ತೆಂಟು ಸಾಲು ಬೀಜ ಇಟ್ಟಿದ್ದೆವು. ಊರ ಯಜಮಾನರು ಮುದ್ದಪ್ಪನವರು, ಹದಿನಾಲ್ಕನೆಯ ಓಣಿಯವರು. ಕೆಟ್ಟವರಲ್ಲ. ಪುಣ್ಯವಂತರ ಮನೆಯಲ್ಲಿ ಹುಟ್ಟಿದ್ದೇನೆ ಎಂಬ ನಂಬಿಕೆಯಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುವವರು. ಕೆಳಗೆ ನೋಡಿ, “ಏನಮ್ಮ ಭಾಗಮ್ಮ, ಇಷ್ಟೊಂದು ಹುಣಸೆ ಬೀಜ! ಚೌಕಾಬಾರ ಆಡೋಕೆ ಕರೆಸಿದೀಯೋ?” ಅಂದರು. ಜನ ನಕ್ಕಿತು.

“ಆಟ ಅಲ್ಲ ಯಜಮಾನರೆ, ಪ್ರಸ್ತಾರ. ಸ್ವಲ್ಪ ಓದ್ತೀನಿ, ಕೇಳಬೇಕು.”

“ಓದು, ಓದು. ನಿಮ್ಮಪ್ಪ ಓದಿದ್ದನ್ನ ಕೇಳಿದ ಊರು ಇದು.”

ಅಪ್ಪ ನಿಲ್ಲುತ್ತಿದ್ದ ಕಂಬದ ಬಳಿ ನಿಂತೆ. ಇಷ್ಟು ಜನರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. “ಇದು ಮೂರನೇ ಓಣಿ” ಎಂದು ಹೇಳಿ ಅಪ್ಪನ ಧಾಟಿಯಲ್ಲೇ ಹಿಡಿದೆ: “ಸೊನ್ನೆ ಸೊನ್ನೆ ಮೂರು, ಸೊನ್ನೆ ಒಂದು ಎರಡು, ಸೊನ್ನೆ ಎರಡು ಒಂದು…” ಚೆನ್ನಿ ಒಂದೊಂದಕ್ಕೆ ಒಂದೊಂದು ಬೀಜ ಮುಂದೆ ಸರಿಸಿದಳು. ಮೂರು ಸೊನ್ನೆ ಸೊನ್ನೆಗೆ ನಿಲ್ಲಿಸಿದೆ. ಅಷ್ಟಕ್ಕೂ ಒಂದೇ ಉಸಿರು ಸಾಕಾಗಿತ್ತು.

“ಆಯ್ತಾ?” ಅಂದರು ಮುದ್ದಪ್ಪನವರು.

“ಅದು ಆಯ್ತು. ಈಗ ನಿಮ್ಮ ಓಣಿ. ಸೊನ್ನೆ ಐದು ಒಂಬತ್ತು, ಸೊನ್ನೆ ಆರು ಎಂಟು, ಸೊನ್ನೆ ಏಳು ಏಳು…” ಓದುತ್ತಾ ಹೋದೆ. ಗುಡ್ಡದ ಗಂಟೆಯನ್ನು ಒಂದಕ್ಕೆ ಹಿಡಿದೆ, ಎರಡಕ್ಕೆ ಹಿಡಿದೆ. ಮೊದಮೊದಲು ತಲೆದೂಗಿದ ಜನ ಮೆಲ್ಲಗೆ ಅತ್ತಿತ್ತ ನೋಡತೊಡಗಿತು. ಮೂರಕ್ಕೆ ಹಿಡಿದೆ. ಯಾರೋ ಆಕಳಿಸಿದರು. ನಾಲ್ಕಕ್ಕೆ ಹಿಡಿದು ಮುಗಿಸುವಷ್ಟರಲ್ಲಿ ಮುದ್ದಪ್ಪನವರು ಕೈಯೆತ್ತಿ, “ಸಾಕು ನಿಲ್ಸಮ್ಮ! ಎಷ್ಟಿದೆ ಇನ್ನೂ?” ಅಂದರು.

“ಇನ್ನೂ ನಲವತ್ತಿದೆ ಯಜಮಾನರೆ. ನಿಮ್ಮ ಓಣಿ ದೊಡ್ಡ ಪದ್ಯ. ಮೂರನೇ ಓಣಿ ಒಂದುಸಿರಿನದು. ಗಂಟೆ ಎರಡಕ್ಕೂ ಭೇದ ಮಾಡಿಲ್ಲ. ನಿಮ್ಮ ಓಣಿಗೆ ಬರೋಕೆ ಎಪ್ಪತ್ತೈದು ದಾರಿ ಇದಾವೆ, ಅವರ ಓಣಿಗೆ ಹತ್ತು.”

ಅವರು ಬೀಜದ ಸಾಲುಗಳನ್ನು ನೋಡಿದರು. ಆಮೇಲೆ ಮೇಲೆ ಗೋಡೆ ನೋಡಿದರು. ಮತ್ತೆ ಬೀಜ. ಜನವೂ ಅವರ ಕಣ್ಣಿನ ಹಿಂದೆಯೇ ಮೇಲೆ ಕೆಳಗೆ ನೋಡಿತು.

“ಹಂಗಾರೆ ನಡುವಿನ ಓಣಿಯೋರು ಮಾಡಿದ ಪುಣ್ಯ?” ಅಂದಳು ಸಣ್ಣಕ್ಕ, ಸ್ವಲ್ಪ ಸಿಟ್ಟಿನಿಂದಲೇ.

“ನಡೂ ಮಧ್ಯೆ ಮನೆ ಕಟ್ಟಿದ್ದೇ ಪುಣ್ಯ ಬಿಡು!” ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದು, ಅರ್ಧಕ್ಕೇ ನಿಂತಿತು, ಏಕೆಂದರೆ ಮುದ್ದಪ್ಪನವರು ನಗಲಿಲ್ಲ.

“ನಮ್ಮಮ್ಮ ಗೋಡೇಲಿ ಮಾತಾಡೋದು ನನ್ನ ನಡತೆ ನೋಡಿ ಅಂತ ಅಂದ್ಕೊಂಡಿದ್ದೆ ಭಾಗಮ್ಮ” ಅಂದರು ಮೆಲ್ಲಗೆ.

“ನಾನೂ ಹಾಗೇ ಅಂದುಕೊಂಡಿದ್ದೆ.”

ಅವರು ಎದ್ದು ಬಂದು, ಮೊಣಕಾಲೂರಿ, ಕೊನೆಯ ಸಾಲಿನ ಒಂಟಿ ಬೀಜವನ್ನು ಬೆರಳಿನಿಂದ ಮುಟ್ಟಿದರು. “ಇದು?”

“ಇಪ್ಪತ್ತೇಳನೇ ಓಣಿ.”

“ಅವರನ್ನ ಹೊಳೆ ದಾಟಿಸಿದ್ದು ನಮ್ಮ ತಾತ.” ಅವರು ಬೆರಳು ತೆಗೆಯಲಿಲ್ಲ. “ಆರು ಮನೆ ಇತ್ತಂತೆ. ಹಸುಗೂಸುಗಳೂ ಇದ್ವಂತೆ.”

ಅಪ್ಪನ ತಂದೆಯೇ ಆ ಎಂಟು ಸುತ್ತು ಎಣಿಸಿ ಕೂಗಿದ್ದು ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಿದೆ.

ಕೊನೆಗೆ ಮುದ್ದಪ್ಪನವರು ಎದ್ದು ಪಂಚೆ ಕೊಡವಿಕೊಂಡರು. “ಹುಡುಗಿ ಇರ್ಲಿ. ಕಟ್ಟಳೆ ಇವತ್ತಿಗೆ ಸಾಕು. ಆದ್ರೆ ಒಂದು ಮಾತು ಭಾಗಮ್ಮ, ಮೂರನೇ ಓಣಿ ಇನ್ನೆಷ್ಟು ದಿನಕ್ಕೆ ಬಾಯಿ ಬಿಡುತ್ತೆ, ಅದನ್ನ ಹೇಳು.”

“ಹೇಳೋಕಾಗಲ್ಲ. ನಾಳೆನೇ ಬಿಡಬಹುದು. ಇನ್ನೂ ಇನ್ನೂರು ದಿನ ಬಿಡದೇನೂ ಇರಬಹುದು. ಎಣಿಕೆಗೆ ದಾರಿ ಗೊತ್ತು, ದಿನ ಗೊತ್ತಿಲ್ಲ.”

“ಇದೆಂಥ ಎಣಿಕೆ!” ಎಂದು ಸಣ್ಣಕ್ಕ ಗೊಣಗಿಕೊಂಡು ಹೋದಳು. ನಂಜವ್ವ ಬೀಜ ಬಾಚಿ ಚೀಲಕ್ಕೆ ತುಂಬುತ್ತಾ, “ಹೋಗ್ಲಿ ಬಿಡು, ಜಗಳಕ್ಕೆ ಸೊಸೆ ಉಳಿದ್ಲು” ಅಂದಳು. ಲಕ್ಕಣ್ಣ ಬಂದು ಚೆನ್ನಿಯ ಪಕ್ಕ ನಿಂತ. ಅವನ ಕೈ ಮೇಲೆಲ್ಲ ಸುಣ್ಣವಿತ್ತು.

ಚೆನ್ನಿ ಉಳಿದಳು, ಆದರೆ ಓಣಿಯವರ ಬಾಯಿ ಕೂಡಲೇ ಬದಲಾಗಲಿಲ್ಲ. ಸಣ್ಣಕ್ಕನ ಹಾಡು ಮೆಲ್ಲಗಾಯಿತು, ನಿಲ್ಲಲಿಲ್ಲ. ದಿನಗಳು ಹೋದವು. ಒಂಬತ್ತು ಬಂತು, ಹದಿನೇಳು ಬಂತು, ಹನ್ನೆರಡು ಎರಡೆರಡು ಸಲ ಬಂತು. ಪ್ರತಿ ಬೆಳಗೂ ನಾನು ಕೂಗುವ ಮುನ್ನ ಮೂರನೆಯ ಓಣಿಯ ಕಡೆ ನೋಡುತ್ತಿದ್ದೆ. ತುದಿಯ ಜಗಲಿಯ ಮೇಲೆ ಚೆನ್ನಿ ಎದ್ದು ಕೂತಿರುತ್ತಿದ್ದಳು. ಮಂಜಿನೊಳಗಿಂದ ಅಂಗೈ ಎತ್ತಿ ತೋರಿಸುತ್ತಿದ್ದಳು, ಕೇಳಿದೆ ಎಂದು.

ನಲವತ್ತೊಂದನೆಯ ಬೆಳಗು ಗುಡ್ಡದ ಗಂಟೆ ಒಂದು ಹೊಡೆಯಿತು. ಕೆರೆಯದು ಎರಡು. ಸಂತೆಯ ಗಂಟೆಗೆ ಕಾದೆ. ಅದರ ಸರದಿಯ ಮೌನ ಬಂತು, ತುಂಬಿತು, ದಾಟಿತು. ಎರಡನೆಯ ಹಕ್ಕಿ ಕೂಗಿತು. ನಾನು ಮೊದಲ ಸಲ ಮೊತ್ತ ಬಿಟ್ಟು, “ಒಂದು! ಎರಡು! ಸೊನ್ನೆ!” ಎಂದು ಕೂಗಿದೆ. ಕೂಗುತ್ತಲೇ ಮೂರನೆಯ ಓಣಿಗೆ ಓಡಿದೆ, ನನ್ನ ವಯಸ್ಸಿಗೆ ಸಲ್ಲದ ಓಟ.

ಬಿಸಿಲು ಬರುವ ಹೊತ್ತಿಗೆ ಓಣಿಯೆಲ್ಲ ಜಗಲಿಗಳ ಮೇಲಿತ್ತು. ಮೊದಲು ಒಂದು ಮಗು ಬೆಲ್ಲಕ್ಕೆ ಅತ್ತಿತು. ಅದು ಈಗ ಮೊಮ್ಮಕ್ಕಳಿರುವ ಒಬ್ಬ ಮುದುಕ. ಆಮೇಲೆ ನಂಜವ್ವನ ತೀರಿಹೋದ ಗಂಡ, “ಲಕ್ಕನಿಗೆ ಹೆಣ್ಣು ನೋಡ್ಬೇಕು ಕಣೆ” ಅಂದ. ನಂಜವ್ವ ಗೋಡೆಗೆ, “ನೋಡಾಯ್ತು ಬಿಡಿ” ಅಂದಳು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣಕ್ಕನ ದನಿ.

“ಮೂಗಿ ಬಂದ್ಲು, ಓಣಿ ಮೂಗಾಯ್ತು. ಅವಳ ಕೊಡ ಮುಟ್ಟಿದ ಹಗ್ಗ ಮುಟ್ಬೇಡ್ರೇ. ಅವಳ ಹೊಟ್ಟೇಲೂ ಮೂಗಿನೇ ಹುಟ್ಟಲಿ, ಓಣಿಗೋಣಿನೇ ಹಾಳಾಗ್ಲಿ…”

ಸಣ್ಣಕ್ಕ ತನ್ನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಪೊರಕೆ ಬಿಟ್ಟು ಗೋಡೆಯ ಹತ್ತಿರ ಓಡಿ ಎರಡೂ ಅಂಗೈ ಒತ್ತಿದಳು. ದನಿ ಬೆರಳ ಸಂದಿಯಿಂದ ಬಂತು. ಗೋಡೆಯ ಬಾಯಿ ಮುಚ್ಚಲು ಯಾರಿಂದಲೂ ಆಗುವುದಿಲ್ಲ. ಅವಳು ತನ್ನದೇ ಮಾತನ್ನು ಪೂರ್ತಿ ಕೇಳಬೇಕಾಯಿತು, ನಾವೆಲ್ಲ ಅವಳನ್ನು ನೋಡುತ್ತಿದ್ದಾಗ. ಚೆನ್ನಿ ಮಾತ್ರ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಬರಿಯ ಮಡಿಲನ್ನು ಹಿಡಿದುಕೊಂಡಿದ್ದಳು.

ಆ ಮಾತಿನ ಹಿಂದೆಯೇ, ಅದೇ ದಿನದ ಒಳಮನೆಯಿಂದ ಇರಬೇಕು, ಇನ್ನೊಂದು ಸದ್ದು ಬಂತು. ಮೊದಲು ಎರಡು ಬಿಡುವು. ಆಮೇಲೆ ಟಕ್ ಟಕ್ ಟಕ್. ಕಲ್ಲಿನ ಮೇಲೆ ಹುಣಸೆ ಬೀಜ.

ಚೆನ್ನಿ ತಲೆಯೆತ್ತಿದಳು.

ಒಂದು ಬಿಡುವು. ಟಕ್. ಟಕ್ ಟಕ್. ಮತ್ತೆ ಒಂದು ಬಿಡುವು. ಟಕ್ ಟಕ್. ಟಕ್. ಬಯ್ಗುಳ ಕೇಳುತ್ತಾ ಒಳಗೆ ಕೂತು ಅವಳು ಇಟ್ಟ ಬೀಜಗಳನ್ನು ಗೋಡೆ ಒಂದನ್ನೂ ಬಿಡದೆ ಇಟ್ಟುಕೊಂಡಿತ್ತು. ಲಕ್ಕಣ್ಣ ಗೋಡೆಗೆ ಕಿವಿ ಹಚ್ಚಿದ. ನಂಜವ್ವ ಎರಡೂ ಕೈ ಮೇಲೆತ್ತಿ, “ಕೇಳ್ರೇ! ನನ್ ಸೊಸೆ ಮಾತಾಡ್ತಾವ್ಳೆ, ಸುಮ್ನಿರ್ರೇ!” ಎಂದು ಕೂಗಿದಳು, ಆಗ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಓಣಿ ಉಸಿರು ಹಿಡಿದು ಕೇಳಿತು. ಬೀಜದ ಸದ್ದಿನಲ್ಲಿ ಗುಡ್ಡದ ಗಂಟೆಯ ಪಾಲು ಒಂದಕ್ಕೆ ಬಂತು, ಎರಡಕ್ಕೆ ಬಂತು. ನಾನು ಎಣಿಸಲು ಮರೆತೆ. ಕೊನೆಗೆ ಟಕ್ ಟಕ್ ಟಕ್, ಆಮೇಲೆ ಒಂದು ಬಿಡುವು, ಆಮೇಲೆ ಇನ್ನೊಂದು. ಚೆನ್ನಿ ಆ ಎರಡು ಬಿಡುವಿಗೂ ಅಂಗೈ ಬಿಚ್ಚಿದಳು.

ಸಣ್ಣಕ್ಕನ ಒಂದು ಕೈ ಇನ್ನೂ ಗೋಡೆಯ ಮೇಲೆಯೇ ಇತ್ತು. ಇನ್ನೊಂದು ಕೈಯ ಹೆಬ್ಬೆರಳು ಬೆರಳಗೆಣ್ಣುಗಳ ಮೇಲೆ ಸರಿಯುತ್ತಿದ್ದುದನ್ನು ನಾನು ಆಗ ಕಂಡೆ. ಅದು ನಿಂತಿತು.

“ಹತ್ತು” ಅಂದಳು ಸಣ್ಣಕ್ಕ.